ಗಾಜಿನ ಮೇಲಿನ ದಾಸವಾಳ

ನಮ್ಮ ಮನೆಯಲ್ಲಿ ಫ್ಯಾನ್ ನಿಂತರೆ ಕರೆಂಟು ಹೋಯಿತೆಂದು ಯಾರೂ ತಿಳಿಯುವುದಿಲ್ಲ. ನಾದಿನಿ ಊಟದ ಮೇಜಿನ ಮುಂದೆ ಕೂತಿದ್ದಾಳೆ ಎಂದು ತಿಳಿಯುತ್ತೇವೆ. ಆಗ ಮಿಕ್ಸಿ ಹಾಕುವಂತಿಲ್ಲ, ಕುರ್ಚಿ ಎಳೆಯುವಂತಿಲ್ಲ, ಕುಕ್ಕರ್ ಕೂಗುವ ಮೊದಲೇ ಒಲೆ ಸಣ್ಣ ಮಾಡಬೇಕು. ಶೆಟ್ಟಿಹಳ್ಳಿಯ ನಮ್ಮ ಬೀದಿಯಲ್ಲಿ ನೀರಿನ ಟ್ಯಾಂಕರ್ ಬಂದರಂತೂ ಅವಳು ಎರಡೂ ಕೈ ಮೇಜಿನಿಂದ ಎತ್ತಿ, ಅದು ತಿರುವು ದಾಟುವವರೆಗೆ ಹಾಗೇ ಕೂತಿರುತ್ತಾಳೆ. ಅವಳ ಮೈಕ್ರೋಸ್ಕೋಪಿನ ಕೆಳಗಿನ ಲೋಕದಲ್ಲಿ ಟ್ಯಾಂಕರ್ ಅಂದರೆ ಭೂಕಂಪ.

"ವೈನಿ, ಸ್ವಲ್ಪ ಉಸರು ಹಿಡೀರಿ," ಅನ್ನುತ್ತಾಳೆ. ನಾನು ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿ ಉಸಿರು ಹಿಡಿಯುತ್ತೇನೆ. ಒಳಗಿನ ಕೋಣೆಯಿಂದ ಅತ್ತೆಯ ದನಿ ಬರುತ್ತದೆ: "ಹೂವಿನ ಧೂಳಾ ನೋಡಾಕ ಮನಿ ಮಂದೀನೆಲ್ಲ ಬೆವರಸಾಕತ್ತಾಳ ನೋಡ, ಇಕಿ!"

ನಾದಿನಿ ಎಂದರೆ ನನ್ನ ಗಂಡನ ತಂಗಿ. ಗದಗದಿಂದ ಬಂದು ನಮ್ಮ ಜೊತೆಯಲ್ಲೇ ಇದ್ದಾಳೆ. ಸೋಲದೇವನಹಳ್ಳಿಯ ಕಡೆಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ಅದು ಖಾಯಂ ಕೆಲಸವಲ್ಲ, ವರ್ಷ ವರ್ಷಕ್ಕೂ ಹೊಸದಾಗಿ ಸಿಗಬೇಕು. ಮೈಕ್ರೋಸ್ಕೋಪು ಮಾತ್ರ ಅವಳ ಸ್ವಂತದ್ದು. ಹಳೆಯದು, ಭಾರದ್ದು, ಕಪ್ಪು ಬಣ್ಣ ಅಲ್ಲಲ್ಲಿ ಎದ್ದು ಹಿತ್ತಾಳೆ ಕಾಣುವಂಥದ್ದು. ಮಾತ್ರೆ ಡಬ್ಬಿಯ ಮುಚ್ಚಳವನ್ನು ಕೊರೆದು, ಅದನ್ನು ಕಣ್ಣಿಡುವ ಜಾಗಕ್ಕೆ ಕೂರಿಸಿ, ಅದರ ಮೇಲೆ ಮೊಬೈಲ್ ನಿಲ್ಲಿಸುವ ಏರ್ಪಾಡು ಮಾಡಿಕೊಂಡಿದ್ದಾಳೆ. ಚಿತ್ರ ತೆಗೆಯುವುದು ಆ ಮೊಬೈಲೇ.

ಆರ್.ಟಿ. ನಗರದ ಹತ್ತಿರದ ಕಾನ್ವೆಂಟಿನಲ್ಲಿ ನಾನು ಓದುವಾಗ ಇಡೀ ತರಗತಿಗೆ ಒಂದು ಮೈಕ್ರೋಸ್ಕೋಪಿತ್ತು. ಸಾಲಿನಲ್ಲಿ ನಿಂತು ಒಬ್ಬೊಬ್ಬರೇ ಬಗ್ಗಿ ನೋಡಬೇಕು. ನನಗೆ ಕಂಡದ್ದು ಕಪ್ಪು ಕಡ್ಡಿಗಳ ಒಂದು ಬಾಚಣಿಗೆ. "ಅದು ಈರುಳ್ಳಿ ಸಿಪ್ಪೆಯಲ್ಲ ಮಗೂ, ನಿನ್ನದೇ ರೆಪ್ಪೆ," ಎಂದು ಸಿಸ್ಟರ್ ನಕ್ಕರು. ಅಷ್ಟರಲ್ಲಿ ಹಿಂದಿನ ಹುಡುಗಿಯ ಸರದಿ ಬಂದಿತ್ತು. ಆಮೇಲೆ ಅಡುಗೆ, ಮನೆ, ಮಕ್ಕಳ ಪರೀಕ್ಷೆ. ಈರುಳ್ಳಿಯನ್ನು ದಿನಾ ಹೆಚ್ಚಿದೆನೇ ಹೊರತು ಅದರ ಸಿಪ್ಪೆಯ ಒಳಗೇನಿದೆ ಎಂದು ನೋಡಲಿಲ್ಲ.

ನೋಡುವುದನ್ನು ನನಗೆ ಕಲಿಸಿದ್ದು ನಾದಿನಿ. "ಕಣ್ಣು ಒತ್ತಿ ಹಿಡೀಬ್ಯಾಡ್ರಿ ವೈನಿ. ಸ್ವಲ್ಪ ದೂರ. ಎರಡೂ ಕಣ್ಣು ತೆರದಿಟ್ಟ ನೋಡ್ರಿ. ಅವಸರಾ ಮಾಡಿದ್ರ ಅದು ನಾಚಿಕೋತೈತಿ." ನಾನು ಕಾದೆ. ಮಂಜಿನೊಳಗಿಂದ ನಿಧಾನವಾಗಿ ಏನೋ ಮೇಲೆದ್ದು ಬಂತು. ಉಪ್ಪು. ಒಂದೊಂದು ಹರಳೂ ಚೌಕವಾದ ಗಾಜಿನ ಕೋಣೆ, ಮೂಲೆಗಳು ಒಂದಿಷ್ಟು ಸವೆದದ್ದು ಬಿಟ್ಟರೆ ಬಡಗಿ ಅಳೆದು ಮಾಡಿದ ಹಾಗೆ. ಆಮೇಲೆ ಅವಳು ಸಾಸಿವೆಯನ್ನು ಮೇಲಿನಿಂದ ಬೆಳಕು ಬಿಟ್ಟು ತೋರಿಸಿದಳು. ಒಗ್ಗರಣೆಗೆ ಹಾಕಿ ಸಿಡಿಸುತ್ತಿದ್ದ ನುಣುಪು ಕಪ್ಪು ಕಾಳಿನ ಮೈತುಂಬಾ ಬಲೆ ನೇಯ್ದಿತ್ತು! ಪತಂಗದ ರೆಕ್ಕೆಯಿಂದ ಬೆರಳಿಗೆ ಅಂಟಿದ ಪುಡಿ ಪುಡಿಯಾಗಿರಲೇ ಇಲ್ಲ. ಸಣ್ಣ ಸಣ್ಣ ಹೆಂಚುಗಳು, ಪ್ರತಿಯೊಂದರ ಮೇಲೂ ಗೆರೆ, ತುದಿಯಲ್ಲಿ ಹಲ್ಲು. ಯಾರು ನೋಡಲೆಂದು ಇಷ್ಟು ಚೆಂದ ಮಾಡಿದ್ದು ಎಂದು ಕೇಳಿದೆ. "ಯಾರೂ ನೋಡ್ಲಿ ಅಂತಲ್ರಿ. ಇರೂದ ಹಂಗ," ಅಂದಳು ಅವಳು, ಮೊಬೈಲಿನ ಗಾಜು ಒರೆಸುತ್ತಾ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವಳು ಒಂದು ಸಂಜೆ ಚೀಲವನ್ನೂ ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಸಸ್ಯಶಾಸ್ತ್ರಕ್ಕೆ ಮಕ್ಕಳೇ ಸೇರುತ್ತಿಲ್ಲ, ಮುಂದಿನ ವರ್ಷದಿಂದ ವಿಭಾಗ ಮುಚ್ಚುವ ಮಾತು ನಡೆದಿದೆ ಎಂದಳು. ಕೊನೆಯದಾಗಿ ಒಂದು ಅವಕಾಶ ಕೊಟ್ಟಿದ್ದರು. ಪಿಯುಸಿ ಮಕ್ಕಳಿಗೆಂದು ಕಾಲೇಜು ತೆರೆದಿಡುವ ದಿನ ಒಂದಿದೆ. ಅವತ್ತು ಒಂದು ತರಗತಿಯಾಗುವಷ್ಟು ಮಕ್ಕಳು ಆಸಕ್ತಿ ತೋರಿಸಿದರೆ ವಿಭಾಗ ಉಳಿಯುತ್ತದೆ. ಇಲ್ಲದಿದ್ದರೆ ಅವಳು ಗದಗಕ್ಕೆ ಹಿಂದಿರುಗಬೇಕು. ಅಲ್ಲಿ ಅವಳಿಗೆ ಮನೆಪಾಠ ಹೇಳುವುದು ಬಿಟ್ಟು ಬೇರೆ ಏನೂ ಇರಲಿಲ್ಲ.

"ಏನ್ಮಾಡ್ತೀಯಮ್ಮ?" ಅಂದೆ.

"ಚಿತ್ರ ಮಾಡ್ತೀನ್ರಿ. ದೊಡ್ಡ ದೊಡ್ಡವು. ಗ್ವಾಡಿ ತುಂಬ ಹಚ್ಚತೀನಿ. ನಿಮಗ ಹಿಡಿಸ್ತಲ್ಲ, ಅವರಿಗೂ ಹಿಡಸತೈತಿ."

ಅಲ್ಲಿಂದ ನಮ್ಮ ಊಟದ ಮೇಜು ಊಟಕ್ಕೆ ಸಿಗುವುದು ನಿಂತಿತು. ನೆಲದ ಮೇಲೆ ಚಾಪೆ ಹಾಸಿ ಉಂಡೆವು. ಅವಳು ಕರಿಬೇವಿನ ಎಲೆಯ ಬೆನ್ನಿನ ಚಿತ್ರ ತೆಗೆದಳು, ರಾಗಿ ಕಾಳಿನದು ತೆಗೆದಳು, ನನ್ನ ಮದುವೆಯ ಸೀರೆಯಿಂದ ಎದ್ದ ಒಂದು ರೇಷ್ಮೆ ಎಳೆಯದನ್ನೂ ತೆಗೆದಳು. ಎಳೆ ಗಾಜಿನ ಸರಳಿನ ಹಾಗೆ ಹೊಳೆಯಿತು. ಪಕ್ಕದಲ್ಲಿಟ್ಟ ಹತ್ತಿಯ ನೂಲು ತಿರುಚಿದ ರಿಬ್ಬನ್ನಿನ ಹಾಗಿತ್ತು.

ಅವಳ ಮನಸ್ಸಿದ್ದದ್ದು ಮಾತ್ರ ದಾಸವಾಳದ ಮೇಲೆ. ಅದರ ಪರಾಗ ದೊಡ್ಡದು, ಮೈತುಂಬಾ ಮುಳ್ಳು, ಮಕ್ಕಳು ಒಮ್ಮೆ ನೋಡಿದರೆ ಮರೆಯುವುದಿಲ್ಲ ಅನ್ನುತ್ತಿದ್ದಳು. ದಾಸವಾಳವೇನೋ ನಮ್ಮ ಕಾಂಪೌಂಡಿನೊಳಗೇ ಇತ್ತು. ಅಡ್ಡಿ ಬಂದದ್ದು ಅತ್ತೆ. ಗಿಡದ ಹೂವು ಅವರ ಪೂಜೆಗೆ ಮೀಸಲು. ಬೆಳಿಗ್ಗೆ ಅರಳಿದ್ದನ್ನು ಅವರು ಕಿತ್ತು ಬುಟ್ಟಿಗೆ ಹಾಕುವ ಮೊದಲು ಇನ್ನೊಂದು ಕೈ ಮುಟ್ಟುವಂತಿಲ್ಲ.

"ಒಂದ ಒಂದು ಹೂವಾ ಕೊಡವ್ವಾ."

"ಮದಲ ದೇವರಿಗೆ. ಆಮ್ಯಾಲೆ ನಿನ್ನ ಗಾಜಿಗೆ."

ತಾಯಿ ಮಗಳ ನಡುವೆ ನಾನು ತಲೆ ಹಾಕಲಿಲ್ಲ. ಕೊನೆಗೆ ಪೂಜೆ ಮುಗಿದ ಮೇಲೆ ದೇವರ ಮುಂದಿನಿಂದ ಒಂದು ಹೂವನ್ನು ಅತ್ತೆಯೇ ಎತ್ತಿ ಕೊಟ್ಟರು. ನಾದಿನಿ ಅದನ್ನು ಅಂಗೈಯಲ್ಲಿ ಹಿಡಿದು ಮೇಜಿಗೆ ಓಡಿದಳು. ನಾನು ಫ್ಯಾನ್ ಆರಿಸಿದೆ.

ದುಂಡಗಿನ ವಸ್ತುವನ್ನು ಮೈಕ್ರೋಸ್ಕೋಪು ಒಂದೇ ನೋಟಕ್ಕೆ ಪೂರ್ತಿ ಕೊಡುವುದಿಲ್ಲ. ಮೇಲ್ಭಾಗ ಸ್ಪಷ್ಟವಾದರೆ ಕೆಳಗಿನದು ಮಸುಕು, ಕೆಳಗಿನದು ಸ್ಪಷ್ಟವಾದರೆ ಮೇಲಿನದು ಮಾಯ. ಸೌತೆಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚುವ ಹಾಗೆ ಅವಳು ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಒಂದು ಚಿತ್ರ, ಮತ್ತೆ ತಿರುಗಿಸಿ ಇನ್ನೊಂದು ಚಿತ್ರ ತೆಗೆಯುತ್ತಾಳೆ. ಆಮೇಲೆ ಲ್ಯಾಪ್‌ಟಾಪಿನಲ್ಲಿ ಆ ಬಿಲ್ಲೆಗಳನ್ನೆಲ್ಲ ಒಟ್ಟಿಗೆ ಜೋಡಿಸಿದರೆ ಇಡೀ ಕಾಯಿ ಮತ್ತೆ ಬರುತ್ತದೆ. ಅರ್ಧದಲ್ಲಿ ಮೇಜು ಅಲುಗಿತೋ, ಮೊದಲಿನಿಂದ ಶುರು. ಅವತ್ತು ಎಷ್ಟು ಸಲ ಶುರು ಮಾಡಿದಳೋ ನಾನು ಲೆಕ್ಕವಿಡಲಿಲ್ಲ. ಒಮ್ಮೆಯೂ ಸಿಡುಕಲಿಲ್ಲ. ಒಂದು ಟ್ಯಾಂಕರ್ ಹೋಯಿತು, ಒಬ್ಬ ಸೊಪ್ಪಿನವನು ಕೂಗಿಕೊಂಡು ಹೋದ, ನಮ್ಮತ್ತೆ ಒಮ್ಮೆ ಜೋರಾಗಿ ಸೀನಿದರು. ಅವಳು ನಕ್ಕು, ಹಣೆಯ ಬೆವರನ್ನು ದುಪಟ್ಟಾದಿಂದ ಒರೆಸಿಕೊಂಡು, ತಿರುಪನ್ನು ಮತ್ತೆ ಕೆಳಕ್ಕೆ ತಂದಳು.

ಸಂಜೆ ಚಿತ್ರ ತೆರೆದಾಗ ನಾವೆಲ್ಲ ಸುತ್ತ ನಿಂತಿದ್ದೆವು. ದುಂಡು ದುಂಡಾದ ಚೆಂಡುಗಳು, ಮೈಮೇಲೆಲ್ಲ ಮೊಂಡು ತುದಿಯ ಮುಳ್ಳು, ಮುಳ್ಳಿನ ನಡುವೆ ಹಿತವಾದ ನೆರಳು. ಮುಟ್ಟಿದರೆ ಬೆರಳಿಗೆ ಚುಚ್ಚಬಹುದು ಅನ್ನಿಸುವಷ್ಟು ನಿಜ. ಆ ಮುಳ್ಳುಗಳ ಸಂದಿಯಲ್ಲಿ ಅಲ್ಲೊಂದು ಇಲ್ಲೊಂದು ಹಳದಿ ಕಣ ಕೂತಿತ್ತು. ಚೆಂಡಿಗಿಂತ ಎಷ್ಟೋ ಚಿಕ್ಕದು, ದೀಪ ಹಚ್ಚಿಟ್ಟ ಹಾಗೆ ಉರಿಯುವ ಹಳದಿ. ಇಡೀ ಚಿತ್ರಕ್ಕೆ ಜೀವ ಬಂದದ್ದೇ ಅದರಿಂದ.

"ಇದೇನ ಅರಳ ಹುರದಂಗ ಐತಿ," ಅಂದರು ಅತ್ತೆ, ಕನ್ನಡಕ ಸರಿಮಾಡಿಕೊಂಡು. ಮಗಳ ಕೆಲಸವನ್ನು ಅವರು ಅಷ್ಟು ಹೊತ್ತು ನಿಂತು ನೋಡಿದ್ದನ್ನು ನಾನು ಅವತ್ತೇ ನೋಡಿದ್ದು.

"ಈ ಹಳದಿ ಯಾವುದು?" ಕೇಳಿದೆ.

ನಾದಿನಿ ಕಿಟಕಿಯತ್ತ ನೋಡಿದಳು. ಎದುರು ಮನೆಯ ಮುಂದಿನ ದೊಡ್ಡ ಮರ ಹಳದಿ ಹೂವು ಸುರಿಸಿ ಬೀದಿಯನ್ನೆಲ್ಲ ಬಣ್ಣ ಮಾಡಿತ್ತು. "ಆ ಮರದ ಪರಾಗ ಇರಬೇಕ್ರಿ. ಜೇನು ಅಲ್ಲಿ ಕೂತು ಇಲ್ಲಿಗೆ ಬಂದಿರತಾವು. ಎಂಥಾ ಚಂದ, ನೋಡ್ರಿ! ಒಂದ ಚಿತ್ರದಾಗ ಎರಡ ಗಿಡ."

ಪ್ರಿನ್ಸಿಪಾಲರಿಗೆ ಆ ಚಿತ್ರ ತುಂಬಾ ಹಿಡಿಸಿತಂತೆ. ಅದನ್ನೇ ದೊಡ್ಡದಾಗಿ ಮುದ್ರಿಸಿ ಕಾಲೇಜಿನ ಹೆಬ್ಬಾಗಿಲಿನ ಒಳಗೆ ತೂಗುಹಾಕಲು ಹೇಳಿದರು. ಕೆಳಗೆ ಬರೆಯಬೇಕಾದ ಸಾಲೂ ಸಿದ್ಧವಾಯಿತು: 'ದಾಸವಾಳದ ಮನೆಗೆ ಎದುರು ಮರದಿಂದ ಬಂದ ಅತಿಥಿ.' ನನ್ನ ಅಕ್ಷರ ದುಂಡಗಿದೆ ಎಂದು ಆ ಸಾಲನ್ನು ದಪ್ಪ ಕಾಗದದ ಮೇಲೆ ನನ್ನ ಕೈಯಲ್ಲೇ ಬರೆಸಿದಳು.

ಕಾಲೇಜಿನ ದಿನಕ್ಕೆ ಮುಂಚಿನ ಮಧ್ಯಾಹ್ನ, ದೊಡ್ಡ ಚಿತ್ರದ ಪಕ್ಕಕ್ಕೆ ಆ ಮರದ ಪರಾಗದ್ದೇ ಒಂದು ಸಣ್ಣ ಚಿತ್ರವಿರಲಿ ಎಂದು ಅವಳಿಗೆ ತೋಚಿತು. ಬೀದಿಗೆ ಹೋಗಿ ಆಗಷ್ಟೇ ಉದುರಿದ ಹೂವು ಆಯ್ದು ತಂದಳು. ನಾನು ಫ್ಯಾನ್ ಆರಿಸಿ ಬಟಾಣಿ ಸುಲಿಯುತ್ತಾ ಕೂತೆ. ಅವಳು ನೋಡಿದಳು. ಗಾಜು ಬದಲಿಸಿ ಮತ್ತೆ ನೋಡಿದಳು. ಲ್ಯಾಪ್‌ಟಾಪು ತೆರೆದು ಹಳೆಯ ಚಿತ್ರವನ್ನು ಹಿಗ್ಗಿಸಿದಳು. ಆಮೇಲೆ ಮತ್ತೆ ಮೈಕ್ರೋಸ್ಕೋಪಿಗೆ ಬಗ್ಗಿದಳು.

"ಯಾಕಮ್ಮ, ಏನಾಯ್ತು?"

"ಇವು ಅವಲ್ರಿ ವೈನಿ."

ಮರದ ಪರಾಗ ಬಲೆ ಹೊದ್ದ ಮಣಿಗಳ ಹಾಗೆ ಅಚ್ಚುಕಟ್ಟಾಗಿತ್ತು. ದಾಸವಾಳದ ಮುಳ್ಳಿನಲ್ಲಿ ಕೂತಿದ್ದ ಹಳದಿ ಕಣಗಳಿಗೆ ಬಲೆಯೂ ಇರಲಿಲ್ಲ, ಒಂದರ ಹಾಗೆ ಒಂದೂ ಇರಲಿಲ್ಲ. ಅವಳು ಎದ್ದು, ದಾಸವಾಳದ ಹಳೆಯ ಗಾಜನ್ನು ಡಬ್ಬಿಯಿಂದ ತೆಗೆದು, ಅದರ ಅಂಚಿಗೆ ಒಂದು ಹನಿ ಅಯೋಡಿನ್ ಬಿಟ್ಟಳು. ಹಿಟ್ಟಿನ ಅಂಶ ಇದ್ದರೆ ಅದು ಕಡುನೀಲಿಯಾಗುತ್ತದೆ ಎಂದು ಹೇಳಿ ನನ್ನನ್ನೂ ನೋಡಿಸಿದಳು. ಕಂದು ಬಣ್ಣದ ನೆರಳು ನಿಧಾನವಾಗಿ ಹರಿದು ಬಂತು. ಮುಳ್ಳಿನ ಚೆಂಡುಗಳು ಕಂದಾದವು. ಸಂದಿಯಲ್ಲಿದ್ದ ಕಣಗಳು ಒಂದೊಂದಾಗಿ, ನೋಡನೋಡುತ್ತಿದ್ದಂತೆ, ಮಸಿಯ ಹಾಗೆ ನೀಲಿಯಾದವು.

ಅವಳು ತಲೆ ಎತ್ತಿ ದೇವರ ಮನೆಯತ್ತ ನೋಡಿದಳು.

"ಅವ್ವಾ, ಅವತ್ತ ಆ ದಾಸಾಳಕ್ಕ ಅರಿಷಿಣ ಏರಿಸಿದ್ದೇನು?"

"ಅರಿಷಿಣ ಕುಂಕುಮ ಇಲ್ದ ಪೂಜಿ ಮಾಡೂ ಮನೀ ಏನ ಇದು?" ಅಂದರು ಅತ್ತೆ. "ಯಾಕ, ಏನಾತು?"

"ಏನಿಲ್ಲ. ಎದುರು ಮರದ ಅತಿಥಿ ನಿನ್ನ ಅರಿಷಿಣದ ಬಟ್ಟಲದಾಗಿಂದ ಬಂದಾನ."

ಹೇಳುವಾಗ ನಕ್ಕಳು, ನಗು ಮುಗಿಯುವ ಮೊದಲೇ ಮುಖ ಸಣ್ಣದಾಯಿತು. ಚಿತ್ರ ಆಗಲೇ ಹೆಬ್ಬಾಗಿಲಲ್ಲಿ ತೂಗುತ್ತಿತ್ತು. ಪರಾಗಕ್ಕೂ ಅರಿಶಿನಕ್ಕೂ ವ್ಯತ್ಯಾಸ ತಿಳಿಯದ ಮೇಡಂ ಎಂದು ಯಾರಾದರೂ ಅಂದರೆ, ಮುಚ್ಚುವ ಮನಸ್ಸಿರುವವರಿಗೆ ಅಷ್ಟೇ ಸಾಕಿತ್ತು.

ಸಂಜೆ ನನ್ನವರು ಆಫೀಸಿನಿಂದ ಬಂದು ವಿಷಯ ಕೇಳಿ, ಶರ್ಟಿನ ತೋಳು ಮಡಚುತ್ತಾ, "ಯಾರಿಗ್ ಗೊತ್ತಾಗತೈತಿ ಬಿಡವಾ. ನೋಡವರಿಗೆ ಹಳದಿ ಅಂದ್ರ ಹಳದಿ," ಅಂದರು.

"ನನಗ ಗೊತ್ತಾತಲ್ಲ, ಅಣ್ಣ."

"ಒಂದಿನದ ಮಾತು. ಮಕ್ಕಳು ಸೇರ್ಲಿ ಮದಲ. ಆಮ್ಯಾಲೆ ಸರಿ ಮಾಡಿದ್ರಾತು."

"ಸೇರಿದ ಮಕ್ಕಳಿಗೆ ನಾ ಏನಂತ ಕಲಸ್ಲಿ? ಗೊತ್ತಿಲ್ದಿದ್ರ ಚಂದ ಇರೂ ಹೆಸರು ಇಡ್ರಿ ಅಂತೇನು?"

ಅತ್ತೆ ಬಾಗಿಲ ಪಕ್ಕ ಬತ್ತಿ ಹೊಸೆಯುತ್ತಿದ್ದರು. "ದೇವರ ಅರಿಷಿಣ ಅಂತ ಬರಿ. ನಾಚಿಕಿ ಏನೈತಿ ಅದರಾಗ?" ಅಂದರು, ತಲೆ ಎತ್ತದೆ.

ನಾದಿನಿ ನನ್ನ ಕೈಗೆ ಹೊಸ ಕಾಗದ ಕೊಟ್ಟಳು. ಅವಳು ಹೇಳುತ್ತಾ ಹೋದಳು, ನಾನು ಬರೆದೆ: 'ದಾಸವಾಳದ ಪರಾಗ. ನಡುವಿನ ಹಳದಿ ಕಣಗಳನ್ನು ನಾನು ಮೊದಲು ಬೇರೆ ಮರದ ಪರಾಗವೆಂದು ತಿಳಿದಿದ್ದೆ. ಅವು ಪೂಜೆಯ ಅರಿಶಿನ. ಅದು ಹೇಗೆ ಗೊತ್ತಾಯಿತು ಎಂಬುದನ್ನು ಪಕ್ಕದ ಮೇಜಿನಲ್ಲಿ ನೀವೇ ಮಾಡಿ ನೋಡಬಹುದು.'

ಮಾರನೆಯ ದಿನ ನಾನೂ ಅತ್ತೆಯೂ ಅವಳ ಜೊತೆ ಆಟೋದಲ್ಲಿ ಹೋದೆವು. ಮೈಕ್ರೋಸ್ಕೋಪನ್ನು ಅತ್ತೆ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ಹಂಪ್ ಬಂದಾಗಲೆಲ್ಲ "ನಿಧಾನಪಾ, ನಿಧಾನ" ಎಂದು ಚಾಲಕನಿಗೆ ಹೇಳುತ್ತಿದ್ದರು.

ನಾದಿನಿ ಹಳೆಯ ಸಾಲು ತೆಗೆದು ಹೊಸದನ್ನು ಅಂಟಿಸುವಾಗ ಪ್ರಿನ್ಸಿಪಾಲರು ಬಂದರು. ನಿಂತು ಓದಿದರು. "ಏನ್ ಮೇಡಂ ಇದು? ಆ ಅತಿಥಿ ಲೈನ್ ಎಷ್ಟ್ ಚೆನ್ನಾಗಿತ್ತು! ಇವತ್ತೇ ಬೇಕಿತ್ತಾ ಇದೆಲ್ಲಾ? ನೋಡೋರು ಏನಂದ್ಕೋತಾರೆ?"

"ತಪ್ಪಾಗಿತ್ರಿ ಸರ್. ನಿನ್ನೆ ಗೊತ್ತಾತು."

"ನಿಮ್ಮ ವಿಭಾಗದ್ದೇ ಇವತ್ತು ಪರೀಕ್ಷೆ. ಅದು ನೆನಪಿರ್ಲಿ," ಅಂದು ಅವರು ಹೋದರು. ಜೋರು ಮಾಡಲಿಲ್ಲ, ಅದಕ್ಕೇ ನನಗೆ ಹೆಚ್ಚು ಭಯವಾಯಿತು. ನಾದಿನಿಯ ಬೆರಳು ಅಂಟುಪಟ್ಟಿಯನ್ನು ಒತ್ತುತ್ತಲೇ ಇತ್ತು, ಅದು ಆಗಲೇ ಗಟ್ಟಿಯಾಗಿ ಕೂತಿದ್ದರೂ.

ಮೊದಲು ಬಂದ ಮಕ್ಕಳು ಚಿತ್ರದ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡು ಕಂಪ್ಯೂಟರ್ ವಿಭಾಗಕ್ಕೆ ಹೋದರು. ಇನ್ನೊಂದು ಗುಂಪು ಬಂತು. ಅದರಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಕೆಳಗಿನ ಸಾಲನ್ನು ಗಟ್ಟಿಯಾಗಿ ಓದಿ, "ಅಯ್ಯೋ, ಮೇಡಮ್ಮೇ ಮಿಸ್ಟೇಕ್ ಮಾಡ್ಬಿಟ್ಟಿದಾರೆ ಕಣೇ!" ಎಂದು ನಕ್ಕಳು. ನಾದಿನಿ ಮುಂದೆ ಬಂದಳು.

"ಹೌದು, ಮಾಡೀನಿ. ಹೆಂಗ ಸಿಕ್ಕಬಿದ್ದೆ ಅಂತ ತೋರಸ್ಲೇನು?"

ಹೊಸ ಗಾಜಿನ ಮೇಲೆ ಚಿಟಿಕೆ ಅರಿಶಿನ ಹಾಕಿ, ಅಯೋಡಿನ್ ಹನಿ ಬಿಟ್ಟು, ಮೊಬೈಲಿನ ಚಿತ್ರವನ್ನು ಗೋಡೆಯ ಟಿವಿಗೆ ಕೊಟ್ಟಳು. ಹಳದಿ ನೀಲಿಯಾಗುವುದನ್ನು ಎಲ್ಲರೂ ನಿಂತು ನೋಡಿದರು. ಎರಡು ಜಡೆಯ ಹುಡುಗಿ ತನ್ನ ಹಣೆಯ ಕುಂಕುಮ ಮುಟ್ಟಿಕೊಂಡಳು. "ಮೇಡಂ, ಇದನ್ನ ಹಾಕ್ಬೋದಾ?"

ಹಾಕಿದರು. ಅದೂ ನೀಲಿಯಾಯಿತು.

"ಲೇ, ನಿನ್ ಕುಂಕುಮದಲ್ಲೂ ಹಿಟ್ಟಿದೆ ಕಣೇ! ಬಜ್ಜಿ ಕರೀಬೋದು!" ಎಂದು ಗೆಳತಿಯರು ಕೂಗಿದರು.

"ಮೇಡಂ, ಇವಳ ಡ್ಯಾಂಡ್ರಫ್ ಹಾಕಿ, ಸೂಪರಾಗಿರತ್ತೆ!"

ಅಲ್ಲಿಂದ ನನಗೆ ಎಲ್ಲ ಒಂದರ ಮೇಲೊಂದು ನೆನಪು. ಮದರಂಗಿಯ ಅಂಗೈಯ ಒಬ್ಬ ಹುಡುಗಿ, ತಲೆಗೆ ಬಿಗಿಯಾಗಿ ದುಪಟ್ಟಾ ಸುತ್ತಿದ್ದವಳು, ಕೈ ಚಾಚಿ, "ನಂದು ನೋಡಿ ಮಿಸ್, ಪರ್ಸೋ, ಅಂದ್ರೆ ಮೊನ್ನೆ, ಹಾಕಿದ್ದು," ಅಂದಳು. ಅಂಗೈಯಿಂದ ಮೆಲ್ಲಗೆ ಕೆರೆದದ್ದು ಟಿವಿಯಲ್ಲಿ ಕಿತ್ತಳೆ ಬಣ್ಣದ ತೆಳು ಹೆಂಚುಗಳಾಗಿ ಬಂತು. ಅದು ಮದರಂಗಿಯ ಎಲೆಯಲ್ಲ, ಬಣ್ಣ ಕುಡಿದ ನಿನ್ನದೇ ಚರ್ಮ ಎಂದು ನಾದಿನಿ ಹೇಳಿದಾಗ ಆ ಹುಡುಗಿ ತನ್ನ ಅಂಗೈಯನ್ನು ಹೊಸದಾಗಿ ಕಂಡವಳ ಹಾಗೆ ನೋಡಿಕೊಂಡಳು. ಮೇಜಿನ ಮುಂದೆ ಸಾಲು ಬೆಳೆಯಿತು. ಕಂಪ್ಯೂಟರ್ ವಿಭಾಗಕ್ಕೆ ಹೋಗಿದ್ದವರೂ ಕೂಗು ಕೇಳಿ ಹಿಂದಿರುಗಿದರು.

ಅಷ್ಟು ಹೊತ್ತು ಕುರ್ಚಿಯಲ್ಲಿ ಕೂತಿದ್ದ ಅತ್ತೆ ಎದ್ದು ಬಂದು ಹುಡುಗಿಯರ ನಡುವೆ ಸಾಲಿನಲ್ಲಿ ನಿಂತರು. ಸರದಿ ಬಂದಾಗ ಸೊಂಟದ ಚೀಲದಿಂದ ಊರಿನ ವಿಭೂತಿ ಗಟ್ಟಿ ತೆಗೆದು, "ನಂದೂ ನೋಡವಾ. ಆಕಳ ಶಗಣಿ ಕುಳ್ಳ ಸುಟ್ಟ ಮಾಡಿದ್ದ ಐತಿ, ಅಂಗಡೀದಲ್ಲ," ಅಂದರು.

ನಾದಿನಿ ಅದರ ಒಂದು ಚಿಟಿಕೆಯನ್ನು ನೀರಿನ ಹನಿಯಲ್ಲಿ ಹರಡಿದಳು. ಮೊದಲು ಬರೀ ಬೂದಿ. ತಿರುಪು ತಿರುಗಿಸುತ್ತಾ ಹೋದಳು. ಬೂದಿಯ ನಡುವೆ ಪಾರದರ್ಶಕವಾಗಿ, ಗರಗಸದ ಹಲ್ಲಿನಂಥ ಅಂಚಿನ ಸಣ್ಣ ಪಟ್ಟಿಗಳು, ಡಂಬೆಲ್ಲಿನಂಥ ತುಣುಕುಗಳು ಕಂಡವು. ಅವಳ ದನಿ ತಗ್ಗಿತು.

"ಅವ್ವಾ, ಇದು ಹುಲ್ಲು. ಆಕಳಾ ತಿಂದ ಹುಲ್ಲು."

"ಬೆಂಕ್ಯಾಗ ಸುಟ್ಟರೂ ಉಳದೈತೇನು?"

"ಹುಲ್ಲಿನ ಮೈಯಾಗ ಗಾಜಿನಂಥಾದ್ದೊಂದು ಇರತೈತಿ. ಆಕಳಾ ತಿಂದ್ರೂ ಕರಗೂದಿಲ್ಲ, ಸುಟ್ಟರೂ ಹೋಗೂದಿಲ್ಲ."

ಅತ್ತೆ ಟಿವಿಯ ಹತ್ತಿರ ಹೋಗಿ, ಆ ಹಲ್ಲಿನ ಅಂಚನ್ನು ಬೆರಳಲ್ಲಿ ಮುಟ್ಟದೆ, ಮುಟ್ಟಿದ ಹಾಗೆ ಗಾಳಿಯಲ್ಲಿ ಸವರಿದರು. ನಾನು ನಾದಿನಿಯನ್ನು ನೋಡಿದೆ. ವಿಭಾಗವೂ ಕೆಲಸವೂ ಅವಳಿಗೆ ಆಗ ನೆನಪಿರಲಿಲ್ಲ. ಅವಳು ಹುಲ್ಲು ನೋಡುತ್ತಿದ್ದಳು. ಇಷ್ಟು ದಿನ ಒಂದೇ ಸೂರಿನಡಿ ಇದ್ದೂ, ಇವಳು ಎಂಥ ಟೀಚರ್ ಎಂದು ನಾನು ತಿಳಿದದ್ದು ಅವತ್ತು.

ಪ್ರಿನ್ಸಿಪಾಲರು ಸಾಲಿನ ಹಿಂದೆ ಯಾವಾಗಲೋ ಬಂದು ನಿಂತಿದ್ದರು. ಮಧ್ಯಾಹ್ನ ಹೊರಡುವಾಗ, "ಆ ಹೊಸ ಲೈನೇ ಇರ್ಲಿ ಬಿಡಿ ಮೇಡಂ," ಅಂದರು. ವಿಭಾಗ ಉಳಿಯುವುದೋ ಇಲ್ಲವೋ ಎಂಬ ಉತ್ತರಕ್ಕಾಗಿ ಬೇಸಿಗೆಯುದ್ದಕ್ಕೂ ಕಾಯಬೇಕಾಯಿತು. ಕಾಲೇಜಿನಿಂದ ಫೋನ್ ಬಂದಾಗಲೆಲ್ಲ ನಾದಿನಿ ಅಂಗಳಕ್ಕೆ ಹೋಗಿ ಮಾತಾಡುತ್ತಿದ್ದಳು, ನಾನು ಒಳಗಿನಿಂದ ಅವಳ ಬೆನ್ನು ನೋಡಿ ಅರ್ಥ ಮಾಡಿಕೊಳ್ಳಲು ಯತ್ನಿಸುತ್ತಿದ್ದೆ. ಕೊನೆಗೆ ಒಂದು ದಿನ ಫೋನ್ ಮುಗಿಸಿ ತಿರುಗಿ, ಹೂಂ ಎಂದು ತಲೆಯಾಡಿಸಿದಳು. ತರಗತಿ ಚಿಕ್ಕದು, ಆದರೂ ತರಗತಿ. ಇನ್ನೊಂದು ವರ್ಷ.

ಹೊಸ ಮಕ್ಕಳ ಮೊದಲ ಪಾಠದ ದಿನ ಅವಳು ಮನೆಗೆ ಬಂದವಳೇ ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತಳು. ಹೇಗಿತ್ತು ಎಂದು ಕೇಳಿದೆ.

"ಬೋರ್ಡ್ ಮ್ಯಾಲೆ ಎಲಿ ಚಿತ್ರಾ ಬರದಿದ್ದೆ ವೈನಿ. ಆ ಎರಡ ಜಡಿ ಹುಡುಗಿ ಎದ್ದು ನಿಂತು, 'ಮೇಡಂ, ಅಲ್ಲಿ ಹೆಸರು ತಪ್ಪಾಗಿದೆ' ಅಂದ್ಲು."

"ಆಗಿತ್ತಾ?"

"ಆಗಿತ್ರಿ!" ಅಂದಳು, ಬಹುಮಾನ ಬಂದವಳ ಹಾಗೆ. "ಇನ್ನೊಂದ ರೊಟ್ಟಿ ಹಾಕ್ರಿ."

ಅತ್ತೆ ನನಗಿಂತ ಮೊದಲು ಕೈ ನೀಡಿ, ಬಿಸಿ ರೊಟ್ಟಿಯನ್ನು ಅವಳ ತಟ್ಟೆಗೆ ಹಾಕಿದರು.